ದಾದಿಗೂ ಒಬ್ಬ ಗುರು ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಬೆಳಗೊಳದ ಸಮೀಪದ ಒಂದು ಮನೆಯಿಂದ ನಮಗೆ ಕರೆ ಬಂದಿತು. ನರ್ಸಿಂಗ್ ವ್ಯಾಸಂಗ ಮುಗಿಸಿ ದೂರದ ನಗರವೊಂದರ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದ ಆ ಮನೆಯ ಮಗಳು ಇಪ್ಪತ್ತೆರಡೇ ದಿನಗಳಲ್ಲಿ ಬಟ್ಟೆಯ ಚೀಲ ಹಿಡಿದು ಹಿಂದಿರುಗಿದ್ದಳು. ಇನ್ನು ಆ ಕೆಲಸಕ್ಕೆ ಹೋಗುವುದಿಲ್ಲವೆಂಬುದು ಅವಳ ಹಟ. "ಸ್ವಾಮಿ, ನೀವಾದರೂ ಅವಳಿಗೆ ಒಂದು ಮಾತು ಹೇಳಿ. ಓದಿಸಲು ತಂದ ಸಾಲ ಇನ್ನೂ ಅರ್ಧ ತೀರಿಲ್ಲ" ಎಂದು ತಾಯಿ ಕಣ್ಣೀರಿಟ್ಟರು. ತಂದೆ ಜಗಲಿಯ ಮೇಲೆ ಮೌನವಾಗಿ ಕುಳಿತಿದ್ದರು.

ತಾಳ್ಮೆ, ಸೇವೆ, ಸಹನೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಾವು ಸಿದ್ಧರಾಗಿಯೇ ಹೋಗಿದ್ದೆವು. ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಬಳಿಕ ತನ್ನ ಮಾತನ್ನು ಹೇಳಿದಳು. ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲಿಯೇ ಅವಳನ್ನು ರಾತ್ರಿ ಪಾಳಿಗೆ ಹಾಕಿದ್ದರು. ಮೂವತ್ತಕ್ಕೂ ಹೆಚ್ಚು ರೋಗಿಗಳಿದ್ದ ವಾರ್ಡಿನಲ್ಲಿ ಅವಳೊಬ್ಬಳೇ. ಒಬ್ಬ ವೃದ್ಧರಿಗೆ ಪೊಟ್ಯಾಸಿಯಂ ಔಷಧ ಕೊಡಬೇಕೆಂದು ವೈದ್ಯರು ಬರೆದಿದ್ದರು. ಅದನ್ನು ಡ್ರಿಪ್ಪಿನ ಬಾಟಲಿಗೆ ಬೆರೆಸಿ ನಿಧಾನವಾಗಿ ಹರಿಯಬಿಡಬೇಕು; ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ಇದು ಅವಳಿಗೆ ತಿಳಿಯದ ವಿಷಯವಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಳು. ಆದರೂ ಬೆಳಗಿನ ಮೂರು ಗಂಟೆಯಲ್ಲಿ, ಒಂದು ಕಡೆ ಕರೆಗಂಟೆ, ಇನ್ನೊಂದು ಕಡೆ ರೋಗಿಯ ನರಳಾಟ, ಈ ಗಡಿಬಿಡಿಯಲ್ಲಿ ಔಷಧವನ್ನು ಸಿರಿಂಜಿಗೆ ತುಂಬಿಕೊಂಡು ಆ ವೃದ್ಧರ ಕೈಯನ್ನು ಹಿಡಿದೇ ಬಿಟ್ಟಿದ್ದಳು. ಯಾವುದೋ ಸಂಶಯ ಬಂದು ಕೊನೆಯ ಗಳಿಗೆಯಲ್ಲಿ ಸೀಸೆಯ ಹೆಸರನ್ನು ಮತ್ತೊಮ್ಮೆ ಓದಿದಳು. ವೃದ್ಧರ ಪ್ರಾಣ ಉಳಿಯಿತು.

ಬೆಳಿಗ್ಗೆ ಅದನ್ನು ಅವಳೇ ಪ್ರಾಮಾಣಿಕವಾಗಿ ಮೇಲಿನವರಿಗೆ ತಿಳಿಸಿದಳು. ಪ್ರತಿಫಲವಾಗಿ ದೊರೆತದ್ದು ರೋಗಿಗಳ ಎದುರಿನಲ್ಲಿಯೇ ಬೈಗುಳ. "ಫಾದರ್, ನಾನು ಪುಸ್ತಕದಲ್ಲಿ ಎಲ್ಲವನ್ನೂ ಓದಿದ್ದೆ. ಆದರೆ ಆ ರಾತ್ರಿ ಒಂದು ಮಾತು ಕೇಳೋಣವೆಂದರೆ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ" ಎಂದಳು. ನಾವು ಸಿದ್ಧಪಡಿಸಿಕೊಂಡು ಹೋಗಿದ್ದ ಉಪದೇಶ ಅಲ್ಲಿಗೇ ನಿಂತಿತು.

ನಾವು ಕೇಳದ ಪ್ರಶ್ನೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಅನೇಕ ಸಾಧಾರಣ ಕುಟುಂಬಗಳಿಗೆ ದಾದಿಯ ವೃತ್ತಿ ಒಂದು ದೊಡ್ಡ ಆಸರೆ. ಕಬ್ಬು, ಭತ್ತದ ಬೆಲೆಯನ್ನು ನಂಬಿ ಮನೆ ನಡೆಸುವುದು ಕಷ್ಟ. ಬೆಳಗೊಳದ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಸಂಬಳದ ಕೆಲಸವೆಂಬುದು ಇಲ್ಲಿಯವರಿಗೆ ಇನ್ನಷ್ಟು ದೂರವಾಯಿತು. ಆದುದರಿಂದ ಮೂರು ವರ್ಷದ ಜಿಎನ್‌ಎಂ, ಇಲ್ಲವೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿಸಲು ತಾಯಿತಂದೆಯರು ಹೊಟ್ಟೆಬಟ್ಟೆ ಕಟ್ಟಿ ಹಣ ಕೂಡಿಸುತ್ತಾರೆ. ಮಕ್ಕಳು ಮೈಸೂರು, ಮಂಡ್ಯ, ಬೆಂಗಳೂರು, ಮಂಗಳೂರುಗಳಿಗೆ ಹೋಗುತ್ತಾರೆ. ಇಂದು ಗಂಡುಮಕ್ಕಳೂ ಈ ವೃತ್ತಿಗೆ ಬರುತ್ತಿದ್ದಾರೆ. ಸರಕಾರದ ಕಡತಗಳಲ್ಲಿ ಅವರಿಗೆ 'ಶುಶ್ರೂಷಾಧಿಕಾರಿ' ಎಂಬ ಗೌರವದ ಹೆಸರೂ ಬಂದಿದೆ.

ಮಗಳನ್ನು ಕೆಲಸಕ್ಕೆ ಕಳುಹಿಸುವಾಗ ನಾವು ಕೇಳುವ ಪ್ರಶ್ನೆಗಳು ಯಾವುವು? ಸಂಬಳ ಎಷ್ಟು, ಹಾಸ್ಟೆಲ್ ಸುರಕ್ಷಿತವೇ, ಊಟ ಹೇಗೆ, ಭಾನುವಾರ ಪೂಜೆಗೆ ಹೋಗಲು ಬಿಡುತ್ತಾರೆಯೇ, ಎರಡು ವರ್ಷದ ಅನುಭವದ ನಂತರ ಹೊರದೇಶಕ್ಕೆ ಹೋಗಬಹುದೇ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮುಖ್ಯವಾದ ಒಂದು ಪ್ರಶ್ನೆಯನ್ನು ನಾವಾರೂ ಕೇಳುವುದಿಲ್ಲ: "ಮೊದಲ ಆರು ತಿಂಗಳು ನಮ್ಮ ಮಗಳ ಪಕ್ಕದಲ್ಲಿ ನಿಂತು ಕಲಿಸುವವರು ಯಾರು?" ಈ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಮಕ್ಕಳು ಕೆಲಸ ಬಿಟ್ಟು ಬರುತ್ತಾರೆ, ಇಲ್ಲವೇ ಮನಸ್ಸನ್ನು ಕಲ್ಲುಮಾಡಿಕೊಂಡು ಉಳಿಯುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತಲೂ ದೊಡ್ಡ ನಷ್ಟ.

ಪುಸ್ತಕದಲ್ಲಿ ದೊರೆಯದ ವಿದ್ಯೆ

ಮನೆ ಕಟ್ಟುವುದನ್ನು ಮನುಷ್ಯ ಕಲಿಯುವುದು ಮನೆಗಳನ್ನು ಕಟ್ಟುತ್ತಲೇ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತಿಳಿಸಿದ್ದಾನೆ. ಯಾವ ಸಂದರ್ಭದಲ್ಲಿ ಏನು ಮಾಡಬೇಕೆಂಬ ವ್ಯಾವಹಾರಿಕ ವಿವೇಕವೂ ಸೂತ್ರಗಳಿಂದ ಬರುವುದಿಲ್ಲ, ಅನುಭವದಿಂದ ಬರುತ್ತದೆ ಎಂಬುದು ಅವನ ಮತ. ದಾದಿಯ ವೃತ್ತಿಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ನಾಡಿಯ ಬಡಿತ ಎಷ್ಟಿರಬೇಕೆಂದು ಪುಸ್ತಕ ಹೇಳಬಲ್ಲದು. ಆದರೆ ನಾಡಿ ಸರಿಯಾಗಿದ್ದರೂ ಈ ರೋಗಿಯ ಮುಖ ನಿನ್ನೆಯಂತಿಲ್ಲ, ವೈದ್ಯರನ್ನು ಈಗಲೇ ಕರೆಯಬೇಕು ಎಂಬುದನ್ನು ಹೇಳಬಲ್ಲವರು ವಾರ್ಡಿನಲ್ಲಿ ಹತ್ತು ವರ್ಷ ಕಳೆದ ಹಿರಿಯ ಸಿಸ್ಟರ್ ಮಾತ್ರ.

ಅಮೆರಿಕದ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ದಾದಿಯ ಬೆಳವಣಿಗೆಯನ್ನು ಐದು ಮೆಟ್ಟಿಲುಗಳಾಗಿ ವಿವರಿಸಿದ್ದಾರೆ. ಏನೂ ಅರಿಯದ ಹೊಸಬರು, ತುಸು ಅನುಭವ ಪಡೆದ ಹೊಸಬರು, ಸಮರ್ಥರು, ಪ್ರವೀಣರು, ಕೊನೆಗೆ ತಜ್ಞರು. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದ ಮೇಲೆಯೇ ದಾದಿಯೊಬ್ಬಳು 'ಸಮರ್ಥ'ಳೆಂಬ ಮೂರನೆಯ ಮೆಟ್ಟಿಲನ್ನು ಮುಟ್ಟುವಳೆಂಬುದು ಅವರ ಅಭಿಪ್ರಾಯ. ಇದಕ್ಕೆ ಹತ್ತು ವರ್ಷ ಮೊದಲು, 1974ರಲ್ಲಿ, ಮಾರ್ಲೀನ್ ಕ್ರೇಮರ್ ಎಂಬ ಇನ್ನೊಬ್ಬ ವಿದುಷಿ, ಶಾಲೆಯಲ್ಲಿ ಕಲಿತ ಆದರ್ಶಕ್ಕೂ ಆಸ್ಪತ್ರೆಯ ದಿನನಿತ್ಯದ ನಿಜಸ್ಥಿತಿಗೂ ಇರುವ ಅಂತರವನ್ನು ಕಂಡು ಹೊಸ ದಾದಿಯರು ಅನುಭವಿಸುವ ತಲ್ಲಣವನ್ನು 'ವಾಸ್ತವದ ಆಘಾತ' ಎಂದು ಕರೆದಿದ್ದರು. ನಮ್ಮೂರಿನ ಆ ಹುಡುಗಿಗೆ ಆದದ್ದು ಇದೇ. ಅದು ಅವಳೊಬ್ಬಳ ದೌರ್ಬಲ್ಯವಾಗಿರಲಿಲ್ಲ.

ಹಿರಿಯರ ಕೈಹಿಡಿದು ಕಲಿಯುವ ಪದ್ಧತಿ ನಮ್ಮ ನಾಡಿಗೇನೂ ಹೊಸದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯೋಣ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಹೆರಿಗೆಯ ವಿದ್ಯೆ ಬಂದದ್ದು ಅಜ್ಜಿಯ ಜೊತೆಯಲ್ಲಿ ಮನೆಮನೆಗೆ ಹೋಗಿ, ನೋಡಿ, ಕೈಗೂಡಿಸಿ. ಸಾವಿರಾರು ತಾಯಂದಿರಿಗೆ ಆಸರೆಯಾದ ಆ ಅಕ್ಷರವಿಲ್ಲದ ಮಾತೆಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು. ಇಂದಿನ ಹೆರಿಗೆಗೆ ಆಸ್ಪತ್ರೆಯೇ ಬೇಕು, ತರಬೇತಿ ಪಡೆದ ಕೈಗಳೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಜ್ಜಿ ಮೊಮ್ಮಗಳಿಗೆ ಕಲಿಸಿದ ಕ್ರಮವನ್ನು ಆಸ್ಪತ್ರೆಗಳು ಮರೆಯಬಾರದು.

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಬೋಧಕನ ಸ್ವರೂಪವನ್ನು ಕುರಿತು ಚರ್ಚಿಸುವಾಗ ಬೋಧಕನನ್ನು ವೈದ್ಯನಿಗೆ ಹೋಲಿಸಿದ್ದಾರೆ. ರೋಗಿಯನ್ನು ಗುಣಪಡಿಸುವುದು ಮುಖ್ಯವಾಗಿ ಅವನ ದೇಹದಲ್ಲಿಯೇ ಇರುವ ಶಕ್ತಿ. ವೈದ್ಯ ಅದಕ್ಕೆ ನೆರವು ನೀಡುತ್ತಾನೆ. ಹಾಗೆಯೇ ಕಲಿಯುವುದು ಶಿಷ್ಯನ ಬುದ್ಧಿ. ಗುರು ಅದಕ್ಕೆ ಒತ್ತಾಸೆಯಾಗುತ್ತಾನೆ. ದಾದಿಯರಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇರೊಂದಿಲ್ಲ. ರೋಗಿಯನ್ನು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡುವುದು ಹೇಗೆ ಅವರ ಕರ್ತವ್ಯವೋ, ಹೊಸ ದಾದಿಯನ್ನು ಹಾಗೆ ನಿಲ್ಲಿಸುವುದೂ ಅದೇ ಕರ್ತವ್ಯದ ಇನ್ನೊಂದು ಮುಖ.

ಚರಿತ್ರೆಯ ಎರಡು ನೆನಪುಗಳು

ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಇಲ್ಲಿಗೆ ಬಂದು ಚದುರಿದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸಿದ ಫ್ರೆಂಚ್ ಗುರು ಅಬ್ಬೆ ದುಬೊಯ್ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದವರಲ್ಲಿ ಅವರೂ ಒಬ್ಬರು. ಆ ಕಾಲದ ಲಸಿಕೆ ಇಂದಿನಂತೆ ತಣ್ಣನೆಯ ಪೆಟ್ಟಿಗೆಯಲ್ಲಿ ಬರುತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡವರ ತೋಳಿನ ಮೇಲೆ ಎದ್ದ ಬೊಕ್ಕೆಯಿಂದ ರಸವನ್ನು ತೆಗೆದು ಮುಂದಿನವರ ತೋಳಿಗೆ ಹಾಕಬೇಕಾಗಿತ್ತು. 1802ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಒಂದು ಮಗುವಿಗೆ ಹಾಕಿದ ಲಸಿಕೆ ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ದೇಶದ ಇತರ ಭಾಗಗಳಿಗೆ ಹರಡಿತು. ನಡುವೆ ಸರಪಳಿ ಕಡಿದರೆ ಲಸಿಕೆ ಅಲ್ಲಿಗೆ ಮುಗಿದಂತೆ. ದಾದಿಯ ವಿವೇಕವೂ ಹೀಗೆಯೇ. ಒಬ್ಬ ಹಿರಿಯ ದಾದಿ ಯಾರಿಗೂ ಕಲಿಸದೆ ನಿವೃತ್ತಳಾದರೆ ಅವಳ ಮೂವತ್ತು ವರ್ಷದ ಅನುಭವ ಅವಳೊಂದಿಗೇ ಮನೆ ಸೇರುತ್ತದೆ.

ಇನ್ನೊಂದು ನೆನಪು ಫ್ಲಾರೆನ್ಸ್ ನೈಟಿಂಗೇಲ್ ಅವರದು. ಅವರ ಜನ್ಮದಿನವಾದ ಮೇ 12ನ್ನು ವಿಶ್ವ ದಾದಿಯರ ದಿನವಾಗಿ ಆಚರಿಸುತ್ತೇವೆ. ದೀಪ ಹಿಡಿದ ಆ ಮಹಿಳೆಯ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಆಕೆಯೂ ಕಲಿತವರು ಎಂಬುದನ್ನು ಮರೆಯುತ್ತೇವೆ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪ್ರೊಟೆಸ್ಟೆಂಟ್ ಸೇವಾಭಗಿನಿಯರ ಜೊತೆಗಿದ್ದು ಅವರು ಶುಶ್ರೂಷೆ ಕಲಿತರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದಾಗ ಅವರ ಜೊತೆಗಾರರಲ್ಲಿ ಲಂಡನ್ನಿನ ಬರ್ಮಂಡ್ಸಿ ಮಠದ ಮಾತೆ ಮೇರಿ ಕ್ಲೇರ್ ಮೂರ್ ಎಂಬ ಕಥೋಲಿಕ ಕನ್ಯಾಸ್ತ್ರೀ ಇದ್ದರು. ಮೇಲ್ವಿಚಾರಕಿಯ ಪದವಿಗೆ ನನಗಿಂತ ನೀವೇ ಹೆಚ್ಚು ಅರ್ಹರಾಗಿದ್ದಿರಿ ಎಂಬ ಅರ್ಥದಲ್ಲಿ ನೈಟಿಂಗೇಲ್ ಆ ಮಾತೆಗೆ ಬರೆದರು. 1874ರಲ್ಲಿ ಮಾತೆ ತೀರಿಕೊಳ್ಳುವವರೆಗೂ ಅವರ ಸ್ನೇಹ ಮುಂದುವರಿಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯನ್ನು ತೆರೆದ ನೈಟಿಂಗೇಲ್, ಅಲ್ಲಿ ಕಲಿತು ದೂರದೂರದ ಆಸ್ಪತ್ರೆಗಳಿಗೆ ಹೋದ ಶಿಷ್ಯೆಯರಿಗೆ ವರ್ಷಾನುಗಟ್ಟಲೆ ಕಾಗದ ಬರೆಯುತ್ತಿದ್ದರು. ಶಿಷ್ಯೆಯರು ಶಾಲೆಯನ್ನು ಬಿಟ್ಟ ಮಾತ್ರಕ್ಕೆ ತಮ್ಮ ಹೊಣೆ ಮುಗಿಯಿತೆಂದು ಆಕೆ ತಿಳಿಯಲಿಲ್ಲ.

ಉತ್ತರ ಕರ್ನಾಟಕದ ಪಾಠ

ಇದೆಲ್ಲ ಹಳೆಯ ಕಾಲದ ಆದರ್ಶ, ಇಂದಿನ ಗದ್ದಲದ ಆಸ್ಪತ್ರೆಗಳಲ್ಲಿ ನಡೆಯುವಂತಹುದಲ್ಲ ಎನ್ನುವವರಿದ್ದಾರೆ. ಅವರಿಗೆ ನಮ್ಮ ರಾಜ್ಯದ್ದೇ ಒಂದು ಉತ್ತರವಿದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ತಾಯಿ ಮತ್ತು ಶಿಶುಗಳ ಆರೋಗ್ಯಕ್ಕಾಗಿ 'ಸುಕ್ಷೇಮ' ಎಂಬ ಯೋಜನೆಯೊಂದು ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ಈ ಯೋಜನೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿತ್ತು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಗಲೂ ರಾತ್ರಿ ಹೆರಿಗೆಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ದಾದಿಯರೇ. ಅವರನ್ನು ನಗರಕ್ಕೆ ಕರೆಸಿ ಉಪನ್ಯಾಸ ಕೊಟ್ಟು ಕಳುಹಿಸುವುದರ ಬದಲು, ವಿಶೇಷ ತರಬೇತಿ ಪಡೆದ ಹಿರಿಯ ದಾದಿಯರನ್ನೇ ಮಾರ್ಗದರ್ಶಿಯರನ್ನಾಗಿ ಆ ಕೇಂದ್ರಗಳಿಗೆ ಕಳುಹಿಸಲಾಯಿತು.

2012ರ ಸುಮಾರಿಗೆ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 54 ಕೇಂದ್ರಗಳಿಗೆ ಮಾರ್ಗದರ್ಶಿಯರು ಹೋದರು. ಉಳಿದ 54 ಕೇಂದ್ರಗಳಿಗೆ ಹೋಗಲಿಲ್ಲ. ಮಾರ್ಗದರ್ಶಿಯರು ಎರಡು ಮೂರು ದಿನ ಕೇಂದ್ರದಲ್ಲಿಯೇ ಉಳಿದು, ಅಲ್ಲಿಯ ದಾದಿಯರ ಜೊತೆಗೆ ಕೆಲಸ ಮಾಡುತ್ತ, ಅವರೊಂದಿಗೆ ಕುಳಿತು ಕೊರತೆಗಳನ್ನು ಪಟ್ಟಿಮಾಡುತ್ತಿದ್ದರು. ಹೆರಿಗೆಯಾದ ಒಂದು ನಿಮಿಷದೊಳಗೆ ತಾಯಿಗೆ ರಕ್ತಸ್ರಾವ ತಡೆಯುವ ಚುಚ್ಚುಮದ್ದು ಕೊಡುವುದು, ಅಳದ ಕೂಸಿಗೆ ಉಸಿರು ಕೊಡುವುದು, ರಕ್ತದೊತ್ತಡ ಏರಿದ ಬಸುರಿಯನ್ನು ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಇವೆಲ್ಲ ಬರಿಯ ಮಾತಿನಿಂದ ಬರುವ ವಿದ್ಯೆಗಳಲ್ಲ. 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮಾರ್ಗದರ್ಶಿಯರು ಹೋದ ಕೇಂದ್ರಗಳಲ್ಲಿ ಔಷಧ ಸಲಕರಣೆಗಳ ಸಿದ್ಧತೆಯೂ, ತೊಡಕುಗಳನ್ನು ಎದುರಿಸುವ ದಾದಿಯರ ತಿಳಿವಳಿಕೆಯೂ ಉತ್ತಮಗೊಂಡಿದ್ದವು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಆದದ್ದು ನಗರದ ಆಸ್ಪತ್ರೆಯಲ್ಲಿ ಏಕೆ ಆಗಬಾರದು?

ತನಿಖೆ ಬೇರೆ, ಮಾರ್ಗದರ್ಶನ ಬೇರೆ

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವಾರ್ಡಿನಲ್ಲಿ ಮೇಲ್ವಿಚಾರಕರಿರುತ್ತಾರೆ, ಇರಲೇಬೇಕು. ಆದರೆ ಮೇಲ್ವಿಚಾರಕಿ ಕೇಳುವುದು "ಕೆಲಸ ಆಯಿತೇ?" ಎಂದು. ಮಾರ್ಗದರ್ಶಿ ಕೇಳುವುದು "ಹೇಗೆ ಮಾಡಿದೆ? ಎಲ್ಲಿ ಕಷ್ಟವಾಯಿತು?" ಎಂದು. ಮೊದಲನೆಯವರ ಎದುರು ಹುಡುಗಿ ತನ್ನ ತಪ್ಪನ್ನು ಮುಚ್ಚಿಡಲು ನೋಡುತ್ತಾಳೆ. ಎರಡನೆಯವರ ಬಳಿ ತಾನಾಗಿಯೇ ಹೇಳಿಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಮುಚ್ಚಿಟ್ಟ ತಪ್ಪಿನ ಬೆಲೆಯನ್ನು ತೆರುವವನು ರೋಗಿ. ಆದುದರಿಂದ ಹೊಸಬರು ಹೆದರದೆ ಪ್ರಶ್ನೆ ಕೇಳುವಂತಹ ವಾತಾವರಣ ಎಂಬುದು ದಾದಿಯರ ಅನುಕೂಲಕ್ಕಾಗಿ ಮಾತ್ರ ಇರುವುದಲ್ಲ. ನಾಳೆ ಅದೇ ಮಂಚದ ಮೇಲೆ ಮಲಗಬೇಕಾದ ನಮ್ಮೆಲ್ಲರ ಕ್ಷೇಮವೂ ಅದರಲ್ಲಿಯೇ ಇದೆ.

"ನಮಗೂ ಹೀಗೆಯೇ ಆಗಿತ್ತು, ನಾವೂ ಬೈಸಿಕೊಂಡೇ ಕಲಿತದ್ದು" ಎಂದು ಕೆಲವು ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ತಾನು ಉಂಡ ಕಹಿಯನ್ನು ಇನ್ನೊಬ್ಬರಿಗೂ ಉಣಿಸುವುದು ಶಿಕ್ಷಣವಾಗಲಾರದು. ಆದರೂ ಆ ಹಿರಿಯರನ್ನು ದೂಷಿಸಿ ಸುಮ್ಮನಾಗುವುದೂ ನ್ಯಾಯವಲ್ಲ. ತನ್ನ ಪಾಲಿನ ರೋಗಿಗಳನ್ನೂ ನೋಡಿಕೊಂಡು, ದಾಖಲೆಗಳನ್ನೂ ಬರೆದು, ಅದರ ಮೇಲೆ ಹೊಸಬರಿಗೂ ಕಲಿಸಬೇಕೆಂದರೆ ಅವರಿಗೆ ಸಮಯವೆಲ್ಲಿದೆ? ಮಾರ್ಗದರ್ಶನವನ್ನು ಕೆಲಸವೆಂದು ಎಣಿಸಿ, ಅದಕ್ಕೆ ಪಾಳಿಯಲ್ಲಿ ಸಮಯ ಕೊಟ್ಟು, ಮನ್ನಣೆ ನೀಡಬೇಕಾದುದು ಆಡಳಿತದವರ ಹೊಣೆ. ಮೂವತ್ತು ರೋಗಿಗಳಿಗೆ ಒಬ್ಬ ದಾದಿಯನ್ನು ಬಿಟ್ಟು, ಅವಳಿಗೊಬ್ಬ ಮಾರ್ಗದರ್ಶಿಯನ್ನು ಹೆಸರಿಗೆ ನೇಮಿಸಿದರೆ ಅದು ಕಾಗದದ ಮೇಲಿನ ಶಾಸ್ತ್ರವಷ್ಟೇ. ನಮ್ಮ ರಾಜ್ಯದಲ್ಲಿ ಶತಮಾನ ದಾಟಿದ ಕಥೋಲಿಕ ಆಸ್ಪತ್ರೆಗಳಿವೆ: 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸಂಸ್ಥೆ, 1886ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂತ ಮಾರ್ತಾ ಆಸ್ಪತ್ರೆ. ಇಂತಹ ಪರಂಪರೆಯ ವಾರಸುದಾರರಾದ ನಾವು ಈ ವಿಷಯದಲ್ಲಿ ಇತರರಿಗಿಂತ ಮುಂದಿರಬೇಕಲ್ಲವೇ?

ಮನೆಯವರು ಮಾಡಬಹುದಾದುದು

ಕೆಲಸಕ್ಕೆ ಸೇರುವ ಮೊದಲು ಆಸ್ಪತ್ರೆಯವರನ್ನು ಕೇಳಿರಿ: ಹೊಸಬರಿಗೆ ಎಷ್ಟು ದಿನ ಹಿರಿಯರ ಜೊತೆಗೆ ಪಾಳಿ ಇರುತ್ತದೆ? ಯಾವಾಗ ಒಬ್ಬರನ್ನೇ ರಾತ್ರಿ ಪಾಳಿಗೆ ಬಿಡುತ್ತೀರಿ? ಈ ಪ್ರಶ್ನೆಗೆ ಸಿಡಿಮಿಡಿಗೊಳ್ಳುವ ಕಡೆ ಸಂಬಳ ಸಾವಿರ ರೂಪಾಯಿ ಹೆಚ್ಚಿದ್ದರೂ ಎರಡು ಬಾರಿ ಯೋಚಿಸಿರಿ. ಮಗಳು ರಾತ್ರಿ ಪಾಳಿ ಮುಗಿಸಿ ಫೋನ್ ಮಾಡಿದಾಗ ಸಂಬಳದ ಮಾತನ್ನು ಪಕ್ಕಕ್ಕಿಟ್ಟು, ಆ ರಾತ್ರಿ ಹೇಗಿತ್ತೆಂದು ಕೇಳಿರಿ. ಅವಳು ಅತ್ತರೆ ಅಳಲು ಬಿಡಿರಿ.

ನಮ್ಮ ಊರುಗಳಲ್ಲಿ ನಿವೃತ್ತರಾದ ದಾದಿಯರು ಎಷ್ಟೋ ಮಂದಿ ಇದ್ದಾರೆ. ಹಬ್ಬದ ದಿನ ಅವರನ್ನು ಸನ್ಮಾನಿಸಿ ಶಾಲು ಹೊದಿಸುತ್ತೇವೆ, ಒಳ್ಳೆಯದೇ. ಆದರೆ ಅವರ ಅನುಭವವನ್ನು ಯಾರೂ ಕೇಳುವುದಿಲ್ಲ. ಹೊಸದಾಗಿ ಕೆಲಸಕ್ಕೆ ಹೋಗುವ ಮಕ್ಕಳನ್ನು ಅವರಿಗೆ ಪರಿಚಯಿಸಿರಿ. ಯುವ ದಾದಿಯರಿಗೂ ಒಂದು ಮಾತು: ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಅವಮಾನವಲ್ಲ. ಕೇಳಿ ಮಾಡಿದ ಕೆಲಸಕ್ಕೆ ನಾಚಬೇಕಾಗಿಲ್ಲ.

ಆ ಹುಡುಗಿಯ ವಿಷಯಕ್ಕೆ ಮರಳೋಣ. ಅವಳನ್ನು ಮತ್ತೆ ಅದೇ ಆಸ್ಪತ್ರೆಗೆ ಹೋಗೆಂದು ನಾವು ಹೇಳಲಿಲ್ಲ. ಮೊದಲ ಯಾತ್ರೆಯ ನಡುವೆಯೇ ಮನೆಗೆ ಹಿಂದಿರುಗಿದ ಮಾರ್ಕನ ಕಥೆ ನಮಗೆ ನೆನಪಾಯಿತು. ಎರಡನೆಯ ಯಾತ್ರೆಗೆ ಅವನು ಬೇಡವೆಂದು ಪೌಲರು ಖಂಡಿತವಾಗಿ ಹೇಳಿದರು. ಬಾರ್ನಬರು ಮಾತ್ರ ಅವನನ್ನು ಕೈಬಿಡದೆ ತಮ್ಮೊಂದಿಗೆ ಕರೆದೊಯ್ದರು. ಕಾಲಾನಂತರದಲ್ಲಿ ಅದೇ ಪೌಲರು, ಮಾರ್ಕನು ತಮಗೆ ಉಪಯುಕ್ತನೆಂದು ತಿಮೊಥೇಯನಿಗೆ ಬರೆದರು. ನಾವು ಮಾಡಿದ್ದು ಇಷ್ಟೇ: ಅದೇ ಸೀಮೆಯ ನಿವೃತ್ತ ದಾದಿಯೊಬ್ಬರ ಮನೆಗೆ ತಾಯಿಮಗಳನ್ನು ಕಳುಹಿಸಿದೆವು. ಆ ಅಮ್ಮನವರು ಮೊದಲ ದಿನ ಉಪದೇಶವನ್ನೇ ಮಾಡಲಿಲ್ಲವಂತೆ. ಕಾಫಿ ಕೊಟ್ಟು, ತಾವು ವೃತ್ತಿಯ ಮೊದಲ ವರ್ಷದಲ್ಲಿ ಮಾಡಿದ ತಪ್ಪೊಂದನ್ನು ಹೇಳಿಕೊಂಡರಂತೆ. ಮೂರು ತಿಂಗಳ ಬಳಿಕ ಹುಡುಗಿ ಮೈಸೂರಿನ ಬೇರೊಂದು ಆಸ್ಪತ್ರೆಗೆ ಸೇರಿದಳು. ಅಲ್ಲಿ ಒಂದು ತಿಂಗಳು ಹಿರಿಯರೊಬ್ಬರ ಜೊತೆಗೆ ಪಾಳಿ. ಪ್ರತಿ ರಾತ್ರಿ ಪಾಳಿ ಮುಗಿದ ಮೇಲೆ ಆ ಅಮ್ಮನವರಿಗೆ ಅವಳ ಫೋನ್.

ಕಳೆದ ಊರ ಹಬ್ಬದಲ್ಲಿ ಅವಳು ನಮಗೆ ಸಿಕ್ಕಿದಳು. ಪೂಜೆಗೆ ತಡವಾಗಿ ಬಂದದ್ದೇಕೆಂದು ಕೇಳಿದೆವು. "ನೈಟ್ ಡ್ಯೂಟಿ ಇತ್ತು ಫಾದರ್. ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಅವಳು ಬೆಳಗಿನ ಔಷಧವನ್ನೆಲ್ಲ ಕೊಟ್ಟು ಮುಗಿಸುವವರೆಗೆ ಪಕ್ಕದಲ್ಲಿ ನಿಂತಿದ್ದೆ. ಅದಕ್ಕೇ ಬಸ್ಸು ತಪ್ಪಿತು" ಎಂದಳು.

ಆ ಬಸ್ಸು ತಪ್ಪಿದ್ದಕ್ಕೆ ನಮಗೆ ಸಂತೋಷವೇ ಆಯಿತು.